ಮಾಗಿಯ ಅಂಗಳಕ್ಕೆ ಯಾವ ಗಿಡ?

ಮಾಗಿ ಚಳಿ ಶುರುವಾಯಿತೆಂದರೆ ಹಲವರು ನರ್ಸರಿಗೆ ಹೋಗಿ ಹೂ ತುಂಬಿದ ಪೆಟೂನಿಯಾ ಕುಂಡ ತರುತ್ತಾರೆ. ಬೇಸಿಗೆ ಕಾಲಿಡುವಷ್ಟರಲ್ಲಿ ಅದರ ಕಥೆ ಮುಗಿದಿರುತ್ತದೆ. ನನ್ನನ್ನು ಕೇಳಿದರೆ, ವರ್ಷವರ್ಷವೂ ತಪ್ಪದೆ ಹೂ ಬಿಡುವ ಪೊದೆಗಳೇ ವಾಸಿ.

ಡಿಸೆಂಬರ್ ಹೂವನ್ನೇ ನೋಡಿ. ಮಳೆಗಾಲದಲ್ಲಿ ನೆರೆಮನೆಯಿಂದ ಒಂದು ಕಡ್ಡಿ ತಂದು ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ನೇರಳೆ, ಬಿಳಿ, ಎರಡೂ ಸೇರಿದ ಪಟ್ಟೆಯದೂ ಉಂಟು. ಪರಿಮಳವಿಲ್ಲ, ನಿಜ. ಆದರೆ ಬೆಳಗಿನ ಇಬ್ಬನಿಯಲ್ಲಿ ಪೊದೆ ತುಂಬ ಅರಳಿದ್ದನ್ನು ಕಂಡವರು ಆ ತಕರಾರು ತೆಗೆಯುವುದಿಲ್ಲ.

ಇನ್ನು ಬೆಂಗಳೂರಿನ ಹಳೇ ಮನೆಗಳ ಕಾಂಪೌಂಡಿನಿಂದ ಕೆಂಪಗೆ ಇಣುಕುವ ಪಾಯಿನ್‌ಸೆಟಿಯಾ. ಮೂಲ ಮೆಕ್ಸಿಕೊ. ನಾವು ಹೂವೆನ್ನುವ ಆ ಕೆಂಪೆಲ್ಲ ಬಣ್ಣ ತಿರುಗಿದ ಎಲೆ. ನಿಜವಾದ ಹೂ ನಡುವಿನ ಹಳದಿ ಗುಂಡುಗಳು. ಈ ಗಿಡ ಮುಖ್ಯವಾಗಿ ಲೆಕ್ಕ ಹಾಕುವುದು ಚಳಿಯನ್ನಲ್ಲ, ಕತ್ತಲೆಯನ್ನು. ಇರುಳು ಹೆಚ್ಚುಕಡಿಮೆ 12 ಗಂಟೆ ಮೀರಬೇಕು, ನಡುವೆ ಬೆಳಕು ಬೀಳಬಾರದು. ಬೀದಿದೀಪದ ಕೆಳಗೆ ನೆಟ್ಟವರು ಡಿಸೆಂಬರಿನಲ್ಲೂ ಹಸಿರೆಲೆಯನ್ನೇ ನೋಡುತ್ತಾ ಕೂರಬೇಕಾದೀತು. ಸೇವಂತಿಗೆಯದೂ ಇದೇ ಗುಣ. ಹೂ ತಡವಾಗಲೆಂದು ಬೆಳೆಗಾರರು ರಾತ್ರಿ ತೋಟದಲ್ಲಿ ಬಲ್ಬು ಉರಿಸುವುದು ಅದಕ್ಕೇ.

ಕೆಂಪು ಇಳಿದ ಮೇಲೆ, ಮಾರ್ಚ್ ಹೊತ್ತಿಗೆ, ಪಾಯಿನ್‌ಸೆಟಿಯಾವನ್ನು ಮೊಣಕಾಲೆತ್ತರಕ್ಕೆ ಸವರಿಬಿಡಿ. ಅದರ ಬಿಳಿ ಹಾಲು ತಾಗಿದರೆ ಕೆಲವರಿಗೆ ತುರಿಕೆಯಾಗುತ್ತದೆ, ಕೈಗವಸು ಇರಲಿ. ಸೆಪ್ಟೆಂಬರ್ ಕಳೆದ ಮೇಲೆ ಮಾತ್ರ ಕತ್ತರಿ ಮುಟ್ಟಿಸಬೇಡಿ.