ಪಾಯದಲ್ಲಿ ಸಿಕ್ಕ ಎಲುಬು

(ವಿಜಯಪುರದ ಮಹಿಳಾ ಸಭೆಯೊಂದರಲ್ಲಿ ಆಡಿದ ಮಾತು)



ವರದಕ್ಷಿಣೆ, ಹೊಡೆತ-ಬಡಿತಗಳ ಬಗ್ಗೆ ಮಾತಾಡಬೇಕಾದ ಸಭೆಯಲ್ಲಿ ಇವಳೇಕೆ ಪತ್ತೇದಾರಿ ಕಾದಂಬರಿ ಹಿಡಿದು ನಿಂತಳು ಎನ್ನಬೇಡಿ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಓದಿ ಬೆಳೆದವಳು ನಾನು. ಅಲ್ಲಿ ಕೊಲೆಗಾರ ಸಿಕ್ಕರೆ ಕಥೆ ಮುಗಿಯುತ್ತಿತ್ತು. ಐಸ್‌ಲ್ಯಾಂಡಿನ ಅರ್ನಾಲ್ಡುರ್ ಇಂದ್ರಿದಾಸನ್ 2001ರಲ್ಲಿ ಬರೆದ ಕಾದಂಬರಿಯೊಂದು ಬರ್ನಾರ್ಡ್ ಸ್ಕಡರ್ ಅವರ ಇಂಗ್ಲಿಷ್ ಅನುವಾದದಲ್ಲಿ ಕೈಗೆ ಬಂತು. ಹೆಸರು 'ಸೈಲೆನ್ಸ್ ಆಫ್ ದಿ ಗ್ರೇವ್', ಗೋರಿಯ ಮೌನ.

ರಾಜಧಾನಿ ರೇಕ್ಯಾವಿಕ್‌ನ ಅಂಚಿನ ಹೊಸ ಬಡಾವಣೆಯಲ್ಲಿ ಪಾಯ ತೋಡಿದಲ್ಲಿ ಮನುಷ್ಯನ ಎಲುಬು ಸಿಗುತ್ತದೆ. ಎರಡನೆಯ ಮಹಾಯುದ್ಧದ ಕಾಲದ್ದು. ಆಗ ಅಲ್ಲೇ ಹತ್ತಿರದ ಮನೆಯೊಂದರಲ್ಲಿ ಗಂಡನೊಬ್ಬ ಹೆಂಡತಿಯನ್ನು ಬಡಿಯುತ್ತಿದ್ದ, ಮಕ್ಕಳ ಜೀವದ ಮೇಲೆ ಬೆದರಿಕೆ ಹಾಕುತ್ತಿದ್ದ. ಕಾದಂಬರಿಯ ಬಹುಭಾಗದಲ್ಲಿ ಆ ಹೆಂಡತಿಗೆ ಹೆಸರೇ ಇಲ್ಲ. ಎಲುಬು ಯಾರದೆಂದು ನಾನು ಹೇಳುವುದಿಲ್ಲ, ನೀವೇ ಓದಿ. ಆದರೆ ನಡೆದದ್ದನ್ನು ಕೊನೆಗೆ ಬಿಡಿಸಿ ಹೇಳುವವಳು ಯಾರು ಗೊತ್ತೆ? ಎಳವೆಯಲ್ಲೇ ಕಾಯಿಲೆಯಿಂದ ಅಂಗವಿಕಲೆಯಾದ, ಯಾರೂ ಲೆಕ್ಕಕ್ಕೆ ಹಿಡಿಯದಿದ್ದ ಮಗಳು. ಅದೂ ಮುದುಕಿಯಾದ ಮೇಲೆ.

ತಿಕೋಟಾ, ಬಬಲೇಶ್ವರಗಳ ಸ್ವಸಹಾಯ ಸಂಘಗಳಲ್ಲಿ ಈ ಕಥೆ ಹೇಳಿದೆ. "ಅಷ್ಟು ದೂರದ ದೇಶದಾಗೂ ಹಿಂಗಽ ಏನ್ರೀ?" ಎಂದಳು ಒಬ್ಬಾಕೆ. "ಬಾಜೂ ಮನಿಯವ್ರು ಏನ್ ಮಾಡ್ತಿದ್ರವಾ?" ಎಂದಳು ಒಬ್ಬ ಅಜ್ಜಿ. ಯಾವ ಪತ್ತೇದಾರನೂ ಇದಕ್ಕಿಂತ ದೊಡ್ಡ ಪ್ರಶ್ನೆ ಕೇಳಲಾರ.

ಐಸ್‌ಲ್ಯಾಂಡಿನ ಹೆಂಗಸರೂ ಸುಮ್ಮನೆ ಕೂತಿಲ್ಲ. 1975ರ ಅಕ್ಟೋಬರ್ 24ರಂದು ಅವರಲ್ಲಿ ಶೇಕಡ 90ರಷ್ಟು ಮಂದಿ ಕಚೇರಿ, ಅಡುಗೆ ಎಲ್ಲ ಬಿಟ್ಟು ಮುಷ್ಕರ ಹೂಡಿದರು. ಹೊಡೆತ ತಿಂದವರಿಗಾಗಿ 1982ರಲ್ಲಿ ರೇಕ್ಯಾವಿಕ್‌ನಲ್ಲಿ ಆಶ್ರಯಮನೆ ತೆರೆದರು.

ನಮ್ಮಲ್ಲಿ? ಮದುವೆಯಾದ ಏಳು ವರ್ಷದೊಳಗೆ ಹೆಣ್ಣು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರು ಬಂದು ಪಂಚನಾಮೆ ಮಾಡುತ್ತಾರೆ. ಸುತ್ತ ನಿಂತವರು "ಸ್ಟೋವ್ ಸಿಡಿಯಿತು", "ಬಾವಿಯಲ್ಲಿ ಕಾಲು ಜಾರಿತು" ಎಂದರೆ ಆ ಮಾತೂ ಕಾಗದಕ್ಕೆ ಇಳಿಯುತ್ತದೆ. ಆದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆ ಇರುವುದು ಬದುಕಿರುವವಳಿಗಾಗಿ. ಅದರ 4ನೆಯ ಕಲಮು ಅಜ್ಜಿಯ ಪ್ರಶ್ನೆಗೇ ಉತ್ತರದಂತಿದೆ. ಹಿಂಸೆ ನಡೆದಿದೆ, ನಡೆಯುತ್ತಿದೆ ಎಂದು ಅನ್ನಿಸಿದ ಯಾರೇ ಆಗಲಿ, ಬಾಜೂ ಮನೆಯವರೇ ಆಗಲಿ, ರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ನಿಲ್ಲದು. 181 ಸಹಾಯವಾಣಿಯೂ ಇದೆ.

ಪತ್ತೇದಾರ ಬರುವುದು ಸತ್ತ ಮೇಲೆ. ಗೋಡೆಯಾಚೆ ಸದ್ದು ಕೇಳಿದ ರಾತ್ರಿಯೇ ನಾಲ್ಕು ಜನ ಕೂಡಿಕೊಂಡು ಹೋಗಿ ಬಾಗಿಲು ಬಡಿಯಬೇಕಾದವರು ನಾವು.