ಹೆಬ್ಬಾಗಿಲಿಗೆ ಯಾವ ಮರ?



ಮಲೆನಾಡಿನಲ್ಲಿ ಮನೆ ಕಟ್ಟಿಸುವವರು ಗೋಡೆಗೆ ಜಂಬಿಟ್ಟಿಗೆಯೋ ಸಿಮೆಂಟ್ ಇಟ್ಟಿಗೆಯೋ ಎಂಬುದನ್ನು ಅರ್ಧ ದಿನದಲ್ಲಿ ತೀರ್ಮಾನಿಸುತ್ತಾರೆ. ಹೆಬ್ಬಾಗಿಲಿನ ಮಾತು ಬಂದಾಗ ಮಾತ್ರ ಮನೆಮಂದಿಯೆಲ್ಲ ಕೂಡುತ್ತಾರೆ. ಹೊಸ್ತಿಲ ಪೂಜೆ ನಡೆಯುವುದು ಅಲ್ಲಿ. ಬಂದವರ ಕಣ್ಣು ಮೊದಲು ಬೀಳುವುದೂ ಅಲ್ಲಿಯೇ. ಕೊನೆಗೆ ‘ಸಾಗುವಾನಿಯೇ ಆಗಲಿ’ ಎಂಬ ನಿರ್ಣಯವಾಗುತ್ತದೆ. ಅದರಲ್ಲಿ ಮರದ ಗುಣಕ್ಕಿಂತ ಪ್ರತಿಷ್ಠೆಯ ಪಾಲು ಹೆಚ್ಚು.

ಸಾಗುವಾನಿ ಕೆಟ್ಟ ಮರವಲ್ಲ. ಅದರ ಚೇಗಿನಲ್ಲಿ, ಎಂದರೆ ಒಳಗಿನ ಗಟ್ಟಿ ಮರದಲ್ಲಿ, ಗೆದ್ದಲನ್ನು ದೂರವಿಡುವ ಅಂಶಗಳಿವೆ. ಒಣಗಿದ ಮೇಲೆ ಹಿಗ್ಗು ಕುಗ್ಗುಗಳೂ ಕಡಿಮೆ. ಆದರೆ ಎಳೆಯ ನೆಡುತೋಪಿನ ಮರದಲ್ಲಿ ಬಿಳಿಯ ಹೊರಪದರದ ಪಾಲೇ ಹೆಚ್ಚು. ಬಣ್ಣ ಬಳಿದು ಮಾರಿದ ಅಂಥ ಹಲಗೆಗೆ ಗೆದ್ದಲು ಹತ್ತಿದಾಗ ಯಜಮಾನರು ಬೆರಗಾಗುತ್ತಾರೆ. ‘ಬರ್ಮಾ ತೇಗ’ ಎಂಬ ಹೆಸರನ್ನೂ ಸುಮ್ಮನೆ ನಂಬುವಂತಿಲ್ಲ. ಮ್ಯಾನ್ಮಾರ್ 2014ರ ಏಪ್ರಿಲ್‌ನಲ್ಲಿಯೇ ದಿಮ್ಮಿಗಳ ರಫ್ತನ್ನು ನಿಷೇಧಿಸಿತು.

ಸಾಗುವಾನಿಗೆ ಮಲೆನಾಡು ಬೇರೆ ಬೆಲೆಯನ್ನೂ ತೆತ್ತಿದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಬಳಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ನಿಂತದ್ದರ ಹಿಂದೆ, ಸಹಜ ಕಾಡನ್ನು ಬೋಳಿಸಿ ಸಾಗುವಾನಿಯ ತೋಪು ಬೆಳೆಸಿದುದರ ನೋವೂ ಇತ್ತು.

ಅಂಗಳದಂಚಿನ ಹಲಸನ್ನು ಯಾರೂ ನೆನೆಯುವುದಿಲ್ಲ. ಬಲಿತ ಹಲಸಿನ ಚೇಗಿಗೂ ಗೆದ್ದಲು ಸುಲಭವಾಗಿ ಬಾಯಿ ಹಾಕದು. ಕೊಯ್ದಾಗ ಹಳದಿಯಾಗಿದ್ದುದು ವರ್ಷ ಕಳೆದಂತೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ವೀಣೆ, ಮೃದಂಗಗಳಿಗೆ ಒದಗುವ ಮರವೂ ಇದೇ. ಹೆಬ್ಬಲಸು ಸಹ ಬಾಗಿಲಿಗೆ ಒಳ್ಳೆಯದೇ. ಆದರೆ ಪಶ್ಚಿಮ ಘಟ್ಟದ ಸ್ವಂತ ಸೊತ್ತಾದ ಅದನ್ನು ಕಾಡಿನಿಂದ ಕಡಿದು ತರುವ ಯೋಚನೆ ಬೇಡ.

ಹಾಗೆಂದು ಕಾಯಿ ಬಿಡುತ್ತಿರುವ ಹಲಸಿಗೆ ಕೊಡಲಿ ಹಾಕುವುದು ನಷ್ಟದ ವ್ಯಾಪಾರ. ಹಪ್ಪಳ, ಕಡುಬು, ಬೀಜ, ದನಕ್ಕೆ ಸೊಪ್ಪು ಎಂದು ಅದು ವರ್ಷವರ್ಷವೂ ಕೊಡುವುದನ್ನು ಬಾಗಿಲು ಕೊಡಲಾರದು. ಗಾಳಿಗೆ ಉರುಳಿದ, ನೆತ್ತಿ ಒಣಗಿದ ಮರಕ್ಕಾಗಿ ಕಾಯಬೇಕು. ಹಳೆಯ ಮನೆ ಕೆಡವುವಲ್ಲಿ ವಿಚಾರಿಸಬೇಕು. ಹತ್ತಾರು ಮಳೆಗಾಲ ಕಂಡ ಬಾಗಿಲು, ದಾರಂದಗಳಷ್ಟು ಹದಗೊಂಡ ಮರ ಡಿಪೋದಲ್ಲಿ ಸಿಗುವುದು ಅಪರೂಪ. ಸ್ವಂತ ಜಾಗದ ಮರವಾದರೂ ಕಡಿಯುವ, ಸಾಗಿಸುವ ಮುನ್ನ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳುವುದು ಒಳಿತು.

ಮರ ಯಾವುದೇ ಇರಲಿ, ಕೆಡುವುದು ಹದ ತಪ್ಪಿದಾಗ. ಗೃಹಪ್ರವೇಶದ ಮುಹೂರ್ತಕ್ಕೆಂದು ಹಸಿ ಹಲಗೆಯನ್ನು ಕೂರಿಸಿದರೆ ಅದು ಬೇಸಗೆಯಲ್ಲಿ ಸೀಳುತ್ತದೆ. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಒಣಗಿಸುವ ರೂಢಿಯ ಲೆಕ್ಕ. ನೆರಳಿನಲ್ಲಿ, ನೆಲದಿಂದ ಎತ್ತರದಲ್ಲಿ, ನಡುವೆ ರೀಪು ಕೊಟ್ಟು ಹಲಗೆಗಳನ್ನು ಪೇರಿಸಿ ತುದಿಗಳಿಗೆ ಬಣ್ಣ ಬಳಿಯಬೇಕು. ತೇವ ತುದಿಯಿಂದ ಬೇಗ ಆರುವುದರಿಂದ ಸೀಳು ಅಲ್ಲಿಂದಲೇ ಆರಂಭ.

ಒಣಗಿದ ಮರವೂ ಆಷಾಢದಲ್ಲಿ ತೇವ ಕುಡಿಯುತ್ತದೆ. ಉದ್ದಕ್ಕೆ ಹೆಚ್ಚುಕಡಿಮೆ ಇದ್ದಂತೆಯೇ ಇದ್ದು ಅಗಲಕ್ಕೆ ಹಿಗ್ಗುತ್ತದೆ. ಬಲ್ಲ ಬಡಗಿಗಳು ಚೌಕಟ್ಟಿನ ತೋಡಿನೊಳಗೆ ಹಲಗೆಯನ್ನು ಅಂಟು ಹಾಕದೆ ತುಸು ಸಡಿಲವಾಗಿ ಕೂರಿಸುವುದು ಇದಕ್ಕಾಗಿ. ಹಲಗೆ ಒಳಗೊಳಗೇ ಹಿಗ್ಗಿ, ಬೇಸಗೆಯಲ್ಲಿ ಹಿಂದೆ ಸರಿಯುತ್ತದೆ. ಎಲ್ಲವನ್ನೂ ಅಂಟಿನಿಂದ ಬಿಗಿದ ಬಾಗಿಲಿಗೆ ಆ ಅವಕಾಶವಿಲ್ಲ. ಅದು ಬಾಗುತ್ತದೆ, ಇಲ್ಲವೇ ಬಿರಿಯುತ್ತದೆ.

ಪಡುವಣಕ್ಕೆ ಮುಖ ಮಾಡಿದ ಬಾಗಿಲಿಗೆ ಸೂರನ್ನು ಸಾಕಷ್ಟು ಮುಂದೆ ಚಾಚಬೇಕು. ಮುಖಕ್ಕೆ ಮೂರು ಸಲ ವಾರ್ನಿಷ್ ಬಳಿಸುವವರು ಕಣ್ಣಿಗೆ ಬೀಳದ ಕೆಳಂಚನ್ನು ಮರೆತುಬಿಡುತ್ತಾರೆ. ಮಳೆಯ ನೀರು ಮೇಲೇರುವುದು ಅಲ್ಲಿಂದ. ಬಾಗಿಲನ್ನು ಕೂರಿಸುವ ಮೊದಲೇ ಅದಕ್ಕೆ ಎಣ್ಣೆ ಕುಡಿಸಬೇಕು.