ಎಣ್ಣೆಯ ಗಡಿಗೆಯೂ ನೆರೆಯವರ ಪಾತ್ರೆಗಳೂ

(ಕಾರ್ಮಿಕರ ಕುಟುಂಬ ಕೂಟದಲ್ಲಿ ಮಾಡಿದ ಭಾಷಣ)



ನಾವು ಕೊಲ್ಹಾಪುರ ಜಿಲ್ಲೆಯ ಗಡಹಿಂಗ್ಲಜ ಕಡೆಯವರು. ನಮ್ಮ ಸಂತೆಯಲ್ಲಿ ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ನೀವು ತೋಟದ ಲೈನ್‌ಮನೆಗಳಲ್ಲಿ ಇರುವವರು. ನಾವು ಕಬ್ಬು ಮತ್ತು ಮಗ್ಗದ ಸೀಮೆಯವರು. ಕೆಲಸ ಬೇರೆಯಾದರೂ ಸಂಬಳದ ದಿನ ಸಂಜೆ ಮನೆಯಲ್ಲಿ ಬರುವ ಮಾತು ಒಂದೇ: ಯಾರಿಗೆ ಎಷ್ಟು ಕೊಡಬೇಕು, ಕೊಟ್ಟ ಮೇಲೆ ಉಳಿಯುವುದೆಷ್ಟು?

ಈ ಮಾತು ಪ್ರಾರ್ಥನೆಗೆ ಹೊರಗಿನದೆಂದು ನಾವು ಬಹುಕಾಲ ಎಣಿಸಿದ್ದೆವು. ಆದರೆ ಸತ್ಯವೇದವು ಹಾಗೆ ಎಣಿಸುವುದಿಲ್ಲ. ಅರಸುಗಳ ಎರಡನೆಯ ಪುಸ್ತಕದ 4ನೇ ಅಧ್ಯಾಯದಲ್ಲಿ ಒಬ್ಬ ವಿಧವೆ ಪ್ರವಾದಿ ಎಲೀಷನ ಬಳಿಗೆ ಬರುತ್ತಾಳೆ. ಗಂಡ ತೀರಿಹೋಗಿದ್ದಾನೆ, ಸಾಲ ಉಳಿದಿದೆ. ಸಾಲ ಕೊಟ್ಟವನು ಅವಳ ಇಬ್ಬರು ಮಕ್ಕಳನ್ನು ಜೀತಕ್ಕೆ ಒಯ್ಯಲು ನಿಂತಿದ್ದಾನೆ.

ಈ ಕಥೆ ಹಳೆಯದೆಂದು ತಿಳಿಯಬೇಡಿರಿ. ನಮ್ಮ ಕಡೆಗೆ ದಸರೆ ಕಳೆದ ಮೇಲೆ ಬೀಡ ಮುಂತಾದ ಬರಗಾಲದ ಜಿಲ್ಲೆಗಳಿಂದ ಕಬ್ಬು ಕಡಿಯುವವರು ಬರುತ್ತಾರೆ. ಗಂಡಹೆಂಡಿರ ಒಂದು ಜೋಡಿಗೆ ‘ಕೋಯತಾ’ ಎಂದು ಹೆಸರು. ಕುಡುಗೋಲಿನ ಹೆಸರೇ ಮನುಷ್ಯರಿಗೂ ಬಂದಿದೆ. ಮುಕಾದಮನು ಮೊದಲೇ ಕೊಡುವ ಮುಂಗಡಕ್ಕೆ ‘ಉಚಲ್’ ಎನ್ನುತ್ತಾರೆ. ಕಡಿದ ಕಬ್ಬಿನ ಟನ್ ಲೆಕ್ಕದಲ್ಲಿ ಅದು ತೀರಬೇಕು. ತೀರದಿದ್ದರೆ ಬಾಕಿ ಮುಂದಿನ ವರ್ಷದ ಹೆಗಲಿಗೆ ಬೀಳುತ್ತದೆ. ಮಕ್ಕಳು ಊರಿನ ಶಾಲೆ ಬಿಟ್ಟು ತಾಯಿತಂದೆಯರ ಹಿಂದೆ ಗದ್ದೆಗೆ ಬರುತ್ತಾರೆ. ಸಾಲಕ್ಕಾಗಿ ಜೀತಕ್ಕಿಡುವುದನ್ನು 1976ರ ಕಾನೂನು ನಿಷೇಧಿಸಿದೆ. ಆದರೂ ಸಾಲವು ಮಕ್ಕಳನ್ನು ಶಾಲೆಯಿಂದ ಒಯ್ಯುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಿಮ್ಮಲ್ಲಿ ಮೇಸ್ತ್ರಿಯ ಮುಂಗಡ ಪಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಲೀಷನು ಆ ತಾಯಿಯನ್ನು ಬೈಯಲಿಲ್ಲ. ಮನೆಯಲ್ಲಿ ಏನಿದೆ ಎಂದು ಮೊದಲು ಕೇಳಿದನು. ಒಂದು ಗಡಿಗೆ ಎಣ್ಣೆ ಇತ್ತು. ಇದೇ ಮೊದಲನೆಯ ಪಾಠ. ಇರುವುದನ್ನೂ ಕೊಡಬೇಕಾದದ್ದನ್ನೂ ಒಂದು ನೋಟುಬುಕ್ಕಿನಲ್ಲಿ ಗಂಡಹೆಂಡಿರು ಕೂಡಿ ಬರೆಯಲಿ. ಹೆಂಡತಿಗೆ ತಿಳಿಸದ ಸಾಲ, ಗಂಡನಿಗೆ ತಿಳಿಸದ ಚೀಟಿ, ಇವೆರಡೂ ಪ್ರೀತಿಗೆ ವಿರೋಧವೇ. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ ಎಂದರೆ ಚಿಕ್ಕದಾಗಿ ಕೇಳಿಸುತ್ತದೆ. 5,000 ರೂಪಾಯಿಗೆ ಅದು ತಿಂಗಳಿಗೆ 250, ವರ್ಷಕ್ಕೆ 3,000. ಇಷ್ಟು ಕಟ್ಟಿದರೂ ಅಸಲು 5,000 ಹಾಗೆಯೇ ನಿಂತಿರುತ್ತದೆ. ಬರೆದು ನೋಡಿದವನಿಗೆ ಇದು ಕಾಣುತ್ತದೆ.

ಎರಡನೆಯದಾಗಿ, ನೆರೆಯವರಿಂದ ಬರಿದಾದ ಪಾತ್ರೆಗಳನ್ನು ತರಬೇಕೆಂದು ಪ್ರವಾದಿ ಹೇಳಿದನು. ನೆರೆಯವರು ಕೊಡದಿದ್ದರೆ ಎಣ್ಣೆಯನ್ನು ಎಲ್ಲಿ ಹೊಯ್ಯಬೇಕಿತ್ತು? ಜರ್ಮನಿಯ ಫ್ರೀಡ್ರಿಕ್ ರೈಫೈಸನ್ ಎಂಬ ಕ್ರೈಸ್ತ ಊರಾಧಿಕಾರಿ, ಬಡ್ಡಿಗೆ ಸಿಕ್ಕ ಬಡರೈತರನ್ನು ಕಂಡು 1864ರಲ್ಲಿ ಹೆಡ್ಡೆಸ್‌ಡಾರ್ಫ್ ಎಂಬಲ್ಲಿ ಸಾಲದ ಸಂಘ ಕಟ್ಟಿದನು. ಒಬ್ಬರನ್ನೊಬ್ಬರು ಬಲ್ಲವರು ಕೂಡಿ ಹಣವಿಟ್ಟು, ಒಬ್ಬರಿಗೊಬ್ಬರು ಹೊಣೆಯಾಗುವ ಕ್ರಮವದು. ಅದೇ ಮಾದರಿಯನ್ನು ನೋಡಿ ನಮ್ಮ ದೇಶದಲ್ಲಿ 1904ರಲ್ಲಿ ಸಹಕಾರ ಸಂಘಗಳ ಕಾನೂನು ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘವನ್ನು ಆರಂಭಿಸಿದರು. ಇಚಲಕರಂಜಿಗೆ ಮೊದಲ ಪವರ್‌ಲೂಮ್ ಬಂದದ್ದೂ 1904ರಲ್ಲಿಯೇ. ಮುಂದೆ ಆ ಊರು ಮಗ್ಗದಿಂದ ಬೆಳೆಯಿತು. ಆದರೆ ಬೇಡಿಕೆ ಇಳಿದು ಮಗ್ಗ ನಿಂತ ವಾರ ಕೂಲಿಯೂ ನಿಲ್ಲುತ್ತದೆ, ಕಿರಾಣಿ ಅಂಗಡಿಯ ಉದ್ರಿ ಏರುತ್ತದೆ. ಆ ವಾರಕ್ಕಾಗಿಯೇ ನೆರೆಯವರ ಪಾತ್ರೆ ಬೇಕು.

ಒಂದು ಲೈನಿನ 20 ಕುಟುಂಬಗಳು ತಿಂಗಳಿಗೆ 100 ರೂಪಾಯಿಯಂತೆ ಇಟ್ಟರೆ ವರ್ಷಕ್ಕೆ 24,000 ಆಗುತ್ತದೆ. ಇಬ್ಬರು ಲೆಕ್ಕ ಇಡಲಿ, ಪ್ರತಿ ತಿಂಗಳು ಎಲ್ಲರೆದುರು ಓದಲಿ. ಕಾಯಿಲೆಗೂ ಮಕ್ಕಳ ಓದಿಗೂ ಮೊದಲ ಸ್ಥಾನವಿರಲಿ. ಹನಿಹನಿ ಕೂಡಿದರೆ ಹಳ್ಳವಲ್ಲವೇ?

ಮೂರನೆಯದಾಗಿ, ಎಣ್ಣೆ ಮಾರಿ ಮೊದಲು ಸಾಲ ತೀರಿಸಬೇಕು, ಉಳಿದದ್ದರಲ್ಲಿ ಜೀವಿಸಬೇಕು ಎಂಬುದು ಪ್ರವಾದಿಯ ಅಪ್ಪಣೆ. ಇಲ್ಲಿ ನಾವು ತಪ್ಪಿದ್ದೇವೆ. ಬೋನಸ್ ಬಂದಾಗ ಸಾಲವನ್ನು ಮರೆತು ಕ್ರಿಸ್‌ಮಸ್ಸಿಗೆ ಹೊಸ ಬಟ್ಟೆ ತಂದೆವು. ನೆರೆಯವರಿಗಿಂತ ಕಡಿಮೆಯಾಗಬಾರದೆಂದು ಮದುವೆಗೆ ಸಾಲ ಮಾಡಿ ಊಟ ಹಾಕಿದೆವು. ಗೋದಲಿಯಲ್ಲಿ ಹುಟ್ಟಿದ ಕರ್ತನು ನಮ್ಮಿಂದ ಬಡ್ಡಿಯ ಬಟ್ಟೆ ಕೇಳಲಿಲ್ಲ.

ಜಾಮೀನಿನ ವಿಷಯ ಒಂದು ಮಾತು. ಸಹೋದರನು ಕೇಳಿದಾಗ ಇಲ್ಲವೆನ್ನುವುದು ಪ್ರೀತಿಯೇ ಎಂದು ಹಲವರು ಕೇಳುತ್ತಾರೆ. ಅವನು ಕಟ್ಟದಿದ್ದರೆ ನಿಮ್ಮ ಮಕ್ಕಳ ಅನ್ನ ಹೋಗುವುದಾದರೆ, ಸಹಿ ಹಾಕಬೇಡಿರಿ. ಬದಲಾಗಿ ಕೈಲಾದಷ್ಟನ್ನು ದಾನವಾಗಿ ಕೊಟ್ಟು, ಅವನ ಜೊತೆ ಕೂತು ಲೆಕ್ಕ ಬರೆಯಿರಿ. ಸಾಲ ಕೊಟ್ಟರೆ ಅದನ್ನು ಬಾವಿಕಟ್ಟೆಯಲ್ಲಿ ಆಡಬೇಡಿರಿ. ವಸೂಲಿಯವರು ಅವನ ಬಾಗಿಲಲ್ಲಿ ಕೂಗಾಡಿದರೆ ಅವನನ್ನು ಒಂಟಿಯಾಗಿ ಬಿಡಬೇಡಿರಿ. ಇಂಥ ಕಿರುಕುಳವನ್ನು ತಡೆಯಲು ಕರ್ನಾಟಕ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ಹೊರಡಿಸಿತು.

ಆ ತಾಯಿಯ ಪಾತ್ರೆಗಳು ಇರುವ ತನಕ ಎಣ್ಣೆ ಹರಿಯಿತು. ಪಾತ್ರೆ ಮುಗಿದಾಗ ನಿಂತಿತು. ಪ್ರಿಯರೇ, ನಮ್ಮ ಲೈನಿನಲ್ಲಿ ಯಾರ ಮಕ್ಕಳು ಈ ವರ್ಷ ಶಾಲೆ ಬಿಡುವಂತಿದ್ದಾರೆ? ಈ ಸಂಜೆ ಅವರ ಬಾಗಿಲಿಗೆ ಒಂದು ಪಾತ್ರೆ ಹಿಡಿದು ಹೋಗೋಣ. ದೇವರು ನಿಮ್ಮನ್ನು ಆಶೀರ್ವದಿಸಲಿ.